‘ಇಸ್’ ಎಂಬ ಕಿರುಪದವೂ ದೇವರ ಇರವೂ

ಇಂಗ್ಲಿಷಿನಲ್ಲಿ ಎರಡೇ ಅಕ್ಷರಗಳಿಂದ ಬರೆಯುವ ‘ಇಸ್’ ಎಂಬ ಕ್ರಿಯಾಪದವು ಆ ಭಾಷೆಯ ಅತಿ ಚಿಕ್ಕ ಪದಗಳಲ್ಲಿ ಒಂದಾಗಿದ್ದರೂ, ದೇವರು, ಆತ್ಮ, ಜಗತ್ತು ಮುಂತಾದ ಅತಿ ದೊಡ್ಡ ವಿಷಯಗಳ ಬಗ್ಗೆ ಮಾಡಲಾಗುವ ಪ್ರತಿಯೊಂದು ಹೇಳಿಕೆಯ ಭಾರವನ್ನೂ ಅದು ಹೊರಬೇಕಾಗುತ್ತದೆ. ದೇವರು ಇದ್ದಾನೆ ಎನ್ನುವಾಗ, ದೇವರು ಒಬ್ಬನೇ ಎನ್ನುವಾಗ, ದೇವರು ದಯಾಮಯ ಎನ್ನುವಾಗ, ದೇವರು ಎಲ್ಲೆಡೆ ಇದ್ದಾನೆ ಎನ್ನುವಾಗ, ಜೀವವೇ ದೇವರು ಎನ್ನುವಾಗ ಇಂಗ್ಲಿಷ್ ಭಾಷೆ ಬಳಸುವುದು ಈ ಒಂದೇ ಪದವನ್ನು. ಈ ಐದು ಹೇಳಿಕೆಗಳು ಒಂದೇ ಬಗೆಯವಲ್ಲ. ಇವುಗಳಲ್ಲಿ ಒಂದನ್ನು ಒಪ್ಪಿದವನು ಉಳಿದವನ್ನು ಒಪ್ಪಲೇಬೇಕೆಂಬ ನಿಯಮವಿಲ್ಲ. ಒಂದನ್ನು ಸಾಧಿಸುವ ಪ್ರಮಾಣ ಇನ್ನೊಂದಕ್ಕೆ ಸಾಲುವುದೂ ಇಲ್ಲ. ಧರ್ಮಚಿಂತನೆಯ ಹಲವು ದೀರ್ಘ ವಿವಾದಗಳಲ್ಲಿ ವಾದಿ ಮತ್ತು ಪ್ರತಿವಾದಿ ಒಂದೇ ಪದವನ್ನು ಬೇರೆ ಬೇರೆ ಅರ್ಥದಲ್ಲಿ ಹಿಡಿದಿರುವುದು ಕಂಡುಬರುತ್ತದೆ. ಆದ್ದರಿಂದ ‘ಇದೆಯೇ, ಇಲ್ಲವೇ’ ಎಂದು ಕೇಳುವ ಮೊದಲು ‘ಯಾವ ಅರ್ಥದಲ್ಲಿ’ ಎಂದು ಕೇಳಬೇಕಾದುದು ತರ್ಕದ ಶಿಸ್ತೂ ಹೌದು, ಧರ್ಮದ ಶಿಸ್ತೂ ಹೌದು ಎಂಬುದು ಇಲ್ಲಿನ ಪ್ರತಿಪಾದನೆ. ಈ ವಿಚಾರಕ್ಕೆ ಬೇಕಾದ ಸಾಮಗ್ರಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಅರಬ್ಬಿಯಿಂದ ಬಂದ ಪ್ರವಾದಿಯ ಹೆಸರನ್ನೂ ಸಂಸ್ಕೃತದ ‘ಪುರ’ವನ್ನೂ ಒಂದೇ ಪದದಲ್ಲಿ ಕೂಡಿಸಿಕೊಂಡಿರುವ ಇಬ್ರಾಹಿಂಪುರ ಇರುವ ವಿಜಯಪುರ ನಗರದಲ್ಲಿ ಜೈನ, ಸೂಫಿ, ಶರಣ ಮತ್ತು ವೇದಾಂತ ಪರಂಪರೆಗಳು ಶತಮಾನಗಳ ಕಾಲ ಅಕ್ಕಪಕ್ಕದಲ್ಲಿ ಬಾಳಿವೆ, ಈ ನಾಲ್ಕೂ ತಮ್ಮ ತಮ್ಮ ಪರಿಭಾಷೆಯಲ್ಲಿ ವಿಚಾರಿಸಿದ್ದು ಇರವು ಎಂದರೇನು ಎಂಬ ಪ್ರಶ್ನೆಯನ್ನೇ.

ಒಂದು ಪದ, ಹಲವು ಕೆಲಸ

‘ಇಸ್’ ಮಾಡುವ ಕೆಲಸಗಳನ್ನು ಮೊದಲು ವಿಂಗಡಿಸಿಕೊಳ್ಳುವುದು ಅಗತ್ಯ. ಮೊದಲನೆಯದು ಅಸ್ತಿತ್ವವನ್ನು, ಅಂದರೆ ಒಂದು ವಸ್ತು ಇದೆ ಎಂಬುದನ್ನು ಹೇಳುವುದು. ಎರಡನೆಯದು ತಾದಾತ್ಮ್ಯ, ಅಂದರೆ ಎರಡು ಹೆಸರುಗಳು ಸೂಚಿಸುವುದು ಒಂದೇ ವಸ್ತುವನ್ನು ಎಂದು ಹೇಳುವುದು. ಮುಂಜಾನೆ ಮೂಡಣದಲ್ಲಿ ಕಾಣುವ ಬೆಳ್ಳಿ ಮತ್ತು ಸಂಜೆ ಪಡುವಣದಲ್ಲಿ ಕಾಣುವ ಚುಕ್ಕಿ ಎರಡೂ ಶುಕ್ರಗ್ರಹವೇ ಎಂಬುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಮೂರನೆಯದು ಗುಣಾರೋಪ, ಅಂದರೆ ಹಾಲು ಬಿಳಿ ಎಂಬಂತೆ ಒಂದು ವಸ್ತುವಿಗೆ ಗುಣವನ್ನು ಹೊಂದಿಸುವುದು. ನಾಲ್ಕನೆಯದು ಹಸು ಒಂದು ಪ್ರಾಣಿ ಎಂಬಂತೆ ಒಂದು ವರ್ಗವನ್ನು ಅದಕ್ಕಿಂತ ದೊಡ್ಡ ವರ್ಗದೊಳಗೆ ಸೇರಿಸುವುದು. ಐದನೆಯದು ಸ್ಥಾನವನ್ನು ಹೇಳುವುದು. ಇವುಗಳ ಜೊತೆಗೆ ಈ ಮಡಕೆ ಮಣ್ಣು ಎನ್ನುವಾಗಿನ ಉಪಾದಾನಸಂಬಂಧವನ್ನು, ಅಂದರೆ ವಸ್ತುವಿಗೂ ಅದನ್ನು ಮಾಡಿದ ದ್ರವ್ಯಕ್ಕೂ ಇರುವ ಸಂಬಂಧವನ್ನು, ಹಾಗೂ ಒಂದು ಮಾತು ನಿಜ ಎಂದು ಒಪ್ಪುವ ಕೆಲಸವನ್ನು ಕೂಡ ಇದೇ ಪದ ನಿರ್ವಹಿಸುತ್ತದೆ.

ಈ ಗೋಜಲನ್ನು ಯುರೋಪಿನ ತತ್ವಜ್ಞರೇ ಗುರುತಿಸಿದ್ದರು. 1843ರಲ್ಲಿ ಪ್ರಕಟವಾದ ತಮ್ಮ ತರ್ಕಶಾಸ್ತ್ರದ ಗ್ರಂಥದಲ್ಲಿ ಜಾನ್ ಸ್ಟುವರ್ಟ್ ಮಿಲ್ ಅವರು, ಕೇವಲ ಜೋಡಿಸುವ ಗುರುತಾಗಿ ಬರುವ ‘ಇಸ್’ಗೂ ಅಸ್ತಿತ್ವವನ್ನು ಸಾರುವ ‘ಇಸ್’ಗೂ ಇರುವ ಅಂತರವನ್ನು ಮರೆತದ್ದರಿಂದ ಇರವಿನ ಕುರಿತು ಬಹಳಷ್ಟು ನಿರರ್ಥಕ ಚರ್ಚೆ ಬೆಳೆಯಿತೆಂದು ವಾದಿಸಿದರು. 1892ರಲ್ಲಿ ಜರ್ಮನಿಯ ಗಾಟ್‌ಲೋಬ್ ಫ್ರೇಗ ಅವರು ತಾದಾತ್ಮ್ಯ ಮತ್ತು ಗುಣಾರೋಪಗಳನ್ನು ಬೇರ್ಪಡಿಸಿ ತೋರಿಸಿದರು. 1903ರಲ್ಲಿ ಬರ್ಟ್ರಂಡ್ ರಸಲ್ ಅವರು ಈ ಪದದ ಅನೇಕಾರ್ಥತೆಯ ಬಗ್ಗೆ ಎಚ್ಚರಿಸಿದರು. ಆಧುನಿಕ ತರ್ಕಶಾಸ್ತ್ರದಲ್ಲಿ ಈ ಅರ್ಥಗಳಿಗೆ ಬೇರೆ ಬೇರೆ ಚಿಹ್ನೆಗಳು ರೂಢಿಗೆ ಬಂದದ್ದು ಇಂಥ ವಿಮರ್ಶೆಯ ಫಲ.

ಧರ್ಮದ ಮಾತಿನಲ್ಲಿ ಈ ಭೇದ ಎಷ್ಟು ಮುಖ್ಯವೆಂಬುದಕ್ಕೆ ಗಾಂಧೀಜಿಯವರ ಪ್ರಸಿದ್ಧ ವಾಕ್ಯಪಲ್ಲಟವೊಂದು ಸಾಕ್ಷಿಯಾಗಿದೆ. ದೇವರು ಸತ್ಯ ಎಂದು ಬಹುಕಾಲ ಹೇಳುತ್ತ ಬಂದಿದ್ದ ಅವರು ಸತ್ಯವೇ ದೇವರು ಎಂಬ ನಿಲುವಿಗೆ ಬಂದು, 1931ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಈ ಬದಲಾವಣೆಯನ್ನು ವಿವರಿಸಿದರು. ಎರಡು ವಾಕ್ಯಗಳಲ್ಲೂ ಇರುವ ‘ಇಸ್’ ತಾದಾತ್ಮ್ಯದ್ದಾಗಿದ್ದರೆ ಪದಗಳನ್ನು ತಿರುಗುಮುರುಗು ಮಾಡಿದ್ದರಿಂದ ಅರ್ಥ ಬದಲಾಗುವ ಪ್ರಶ್ನೆಯೇ ಬರುವುದಿಲ್ಲ, ಏಕೆಂದರೆ ಬೆಳ್ಳಿಯೇ ಶುಕ್ರ ಎಂದರೂ ಶುಕ್ರವೇ ಬೆಳ್ಳಿ ಎಂದರೂ ಹೇಳಿದ್ದು ಒಂದೇ. ಆದರೆ ಗಾಂಧೀಜಿಯವರಿಗೆ ಅವುಗಳ ನಡುವೆ ಬಹುದೊಡ್ಡ ಅಂತರ ಕಂಡಿತ್ತು: ಮೊದಲನೆಯದು ದೇವರನ್ನು ಮೊದಲೇ ಒಪ್ಪಿಕೊಂಡು ಅವನಿಗೆ ಸತ್ಯವೆಂಬ ಲಕ್ಷಣವನ್ನು ಹೇಳುವ ಮಾತು, ಎರಡನೆಯದು ಸತ್ಯವನ್ನು ಮೊದಲು ಹಿಡಿದು ಅದಕ್ಕೆ ದೇವರ ಸ್ಥಾನವನ್ನು ಕೊಡುವ ಮಾತು, ಆದ್ದರಿಂದ ದೇವರನ್ನು ನಂಬದವನೂ ಒಪ್ಪಬಹುದಾದ ಮಾತು. ನಾಸ್ತಿಕರನ್ನೂ ತನ್ನೊಳಗೆ ಸೇರಿಸಿಕೊಳ್ಳುವ ಈ ಔದಾರ್ಯ ಸಾಧ್ಯವಾದದ್ದು ಒಂದು ಕಿರುಪದದ ಎರಡು ಅರ್ಥಗಳನ್ನು ಬೇರ್ಪಡಿಸಿದ್ದರಿಂದ.

ಕನ್ನಡ ಮಾಡಿಕೊಂಡಿರುವ ವಿಂಗಡಣೆ

ಕನ್ನಡದಲ್ಲಿ ‘ಇಸ್’ ಎಂಬುದಕ್ಕೆ ಸಮನಾದ ಒಂದೇ ಪದವಿಲ್ಲ. ವಿಜಯಪುರದ ಆಡುಮಾತಿನಲ್ಲಿ ‘ಅವರು ಮಾಸ್ತರ’ ಎನ್ನುವಾಗ ಎರಡು ನಾಮಪದಗಳ ನಡುವೆ ಯಾವ ಕ್ರಿಯಾಪದವೂ ಬರುವುದಿಲ್ಲ; ‘ಮಾಸ್ತರ ಮನ್ಯಾಗ ಅದಾರ’ ಎನ್ನುವಾಗ ‘ಇರು’ ಎಂಬುದರ ರೂಪ ಬರುತ್ತದೆ; ‘ಅವರು ಮಾಸ್ತರ ಆದ್ರು’ ಎನ್ನುವಾಗ ‘ಆಗು’ ಬರುತ್ತದೆ. ನಿಷೇಧದಲ್ಲಿ ಈ ಭೇದ ಇನ್ನೂ ಸ್ಪಷ್ಟವಾಗುತ್ತದೆ. ‘ಅವರು ಮಾಸ್ತರ ಅಲ್ಲ’ ಎಂಬುದು ಒಂದು ಮಾತು. ‘ಮಾಸ್ತರ ಮನ್ಯಾಗ ಇಲ್ಲ’ ಎಂಬುದು ಇನ್ನೊಂದು ಮಾತು. ಚಿಕ್ಕ ಮಗು ಕೂಡ ಈ ‘ಅಲ್ಲ’ ಮತ್ತು ‘ಇಲ್ಲ’ಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವುದಿಲ್ಲ. ಇಂಗ್ಲಿಷಿನಲ್ಲಿ ಈ ಎರಡಕ್ಕೂ ‘ಇಸ್ ನಾಟ್’ ಎಂಬ ಒಂದೇ ರೂಪ ಸಾಕಾಗುತ್ತದೆ. ಒಪ್ಪಿಗೆಯ ಕಡೆಯಲ್ಲಿಯೂ ‘ಇಲ್ಲ’ಕ್ಕೆ ಎದುರಾಗಿ ‘ಇದೆ’, ‘ಉಂಟು’, ಉತ್ತರ ಕರ್ನಾಟಕದ ‘ಐತಿ’ ಮತ್ತು ‘ಅದ’ ನಿಂತರೆ, ‘ಅಲ್ಲ’ಕ್ಕೆ ಎದುರಾಗಿ ‘ಹೌದು’ ನಿಲ್ಲುತ್ತದೆ. ಈ ‘ಹೌದು’ ಹಳಗನ್ನಡದ ‘ಅಪ್ಪುದು’, ನಡುಗನ್ನಡದ ‘ಅಹುದು’ ಎಂಬ ರೂಪಗಳ ಮೂಲಕ ಬಂದದ್ದು, ಅಂದರೆ ‘ಆಗು’ ಧಾತುವಿನ ಸಂತಾನ. ಇರವಿನ ಜೋಡಿ ಮತ್ತು ಆಗುವಿಕೆಯ ಜೋಡಿ ಹೀಗೆ ಬೇರಿನಿಂದಲೇ ಬೇರೆಯಾಗಿವೆ.

ನ್ಯಾಯ ಮತ್ತು ವೈಶೇಷಿಕ ದರ್ಶನಗಳು ಬಹಳ ಶ್ರಮಪಟ್ಟು ಸ್ಥಾಪಿಸಿದ ಒಂದು ವಿಭಾಗಕ್ಕೂ ಕನ್ನಡದ ಈ ಜೋಡಿಗೂ ಇರುವ ಹೊಂದಿಕೆ ಗಮನಾರ್ಹ. ಆ ದರ್ಶನಗಳು ಅಭಾವವನ್ನು, ಅಂದರೆ ಇಲ್ಲದಿರುವಿಕೆಯನ್ನು, ಒಂದು ಸ್ವತಂತ್ರ ಪದಾರ್ಥವೆಂದು ಒಪ್ಪಿ ಅದನ್ನು ಮೊದಲು ಎರಡಾಗಿ ಒಡೆಯುತ್ತವೆ. ಒಂದು ವಸ್ತು ಇನ್ನೊಂದರಲ್ಲಿ ಇಲ್ಲದಿರುವುದು ಸಂಸರ್ಗಾಭಾವ. ಒಂದು ವಸ್ತು ಇನ್ನೊಂದು ವಸ್ತು ಅಲ್ಲದಿರುವುದು ಅನ್ಯೋನ್ಯಾಭಾವ. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ಮೊದಲನೆಯದು. ಗಡಿಗೆ ಬಟ್ಟೆ ಅಲ್ಲ ಎಂಬುದು ಎರಡನೆಯದು. ಸಂಸರ್ಗಾಭಾವದೊಳಗೆ ಮತ್ತೆ ಮೂರು ಬಗೆಗಳಿವೆ: ವಸ್ತು ಹುಟ್ಟುವ ಮೊದಲಿನ ಪ್ರಾಗಭಾವ, ಅದು ನಾಶವಾದ ಮೇಲಿನ ಪ್ರಧ್ವಂಸಾಭಾವ, ಮೂರು ಕಾಲದಲ್ಲಿಯೂ ಇರುವ ಅತ್ಯಂತಾಭಾವ. ತರ್ಕಶಾಸ್ತ್ರದ ಈ ಮೊದಲ ಮೆಟ್ಟಿಲನ್ನು ಕನ್ನಡ ಮಾತನಾಡುವವನು ವ್ಯಾಕರಣದ ಮೂಲಕವೇ ಹತ್ತಿರುತ್ತಾನೆ.

ಹಾಗೆಂದು ಕನ್ನಡದಲ್ಲಿ ಗೊಂದಲಕ್ಕೆ ಆಸ್ಪದವೇ ಇಲ್ಲವೆಂದು ಭಾವಿಸಬಾರದು. ಅಸ್ತಿತ್ವವನ್ನು ಉಳಿದ ಅರ್ಥಗಳಿಂದ ಬೇರ್ಪಡಿಸುವ ಈ ಭಾಷೆ, ತಾದಾತ್ಮ್ಯ ಮತ್ತು ಗುಣಾರೋಪಗಳೆರಡನ್ನೂ ಕ್ರಿಯಾಪದವಿಲ್ಲದ ಮೌನಕ್ಕೆ ಒಪ್ಪಿಸಿಬಿಡುತ್ತದೆ. ಎಲ್ಲ ಧರ್ಮಗಳೂ ಒಂದೇ ಎಂಬ ಮಾತು ವೇದಿಕೆಗಳ ಮೇಲೆ ಮತ್ತೆ ಮತ್ತೆ ಕೇಳಿಬರುತ್ತದೆ. ಆದರೆ ಅವುಗಳ ಗುರಿ ಒಂದೇ ಎಂದೋ, ಅವುಗಳ ನೀತಿ ಒಂದೇ ಬಗೆಯದು ಎಂದೋ, ಅವು ಸೂಚಿಸುವ ಪರಮಸತ್ಯ ಒಂದೇ ಎಂದೋ, ಅವುಗಳಿಗೆ ಸಲ್ಲಬೇಕಾದ ಗೌರವ ಒಂದೇ ಎಂದೋ ಹೇಳುವ ಕ್ರಿಯಾಪದ ಆ ವಾಕ್ಯದಲ್ಲಿಲ್ಲ. ಈ ನಾಲ್ಕರಲ್ಲಿ ಕೊನೆಯದನ್ನು ಮನಸಾರೆ ಒಪ್ಪುವ ಭಕ್ತನೊಬ್ಬ ಮೊದಲ ಮೂರನ್ನು ಪ್ರಶ್ನಿಸಿದರೆ ಅವನನ್ನು ಸೌಹಾರ್ದದ ವಿರೋಧಿಯೆಂದು ಕರೆಯುವುದು ಅನ್ಯಾಯ. ಇಂಥ ಕಡೆ ನೆರವಿಗೆ ಬರುವುದು ‘ಏ’ ಎಂಬ ಅವಧಾರಣೆಯ ಅವ್ಯಯ, ಅಂದರೆ ಒತ್ತಿ ಹೇಳುವ ಪ್ರತ್ಯಯ. ಸಂಸ್ಕೃತದ ‘ಏವ’ ಎಂಬ ಪದವು ವಾಕ್ಯದ ಯಾವ ಸ್ಥಾನದಲ್ಲಿ ಬರುತ್ತದೆ ಎಂಬುದರ ಮೇಲೆ ಅರ್ಥ ಬದಲಾಗುವುದನ್ನು ತಾರ್ಕಿಕರು ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಪಾರ್ಥನೇ ಬಿಲ್ಲುಗಾರ ಎಂದಾಗ ಉಳಿದವರಿಗೆ ಆ ಯೋಗ್ಯತೆ ತಪ್ಪುತ್ತದೆ; ಶಂಖವು ಬಿಳಿಯದೇ ಎಂದಾಗ ಶಂಖಕ್ಕೆ ಬಿಳುಪು ತಪ್ಪದೆಂದು ಮಾತ್ರ ತಿಳಿಯುತ್ತದೆ, ಬೇರೆ ವಸ್ತುಗಳು ಬಿಳಿಯಾಗಿರಲು ಅಡ್ಡಿಯಿಲ್ಲ. ಶರಣರು ಕಾಯಕವನ್ನು ಕೈಲಾಸದೊಂದಿಗೆ ಸಮೀಕರಿಸಿದಾಗಲೂ ವಾದದ ಬಲವೆಲ್ಲ ನಿಂತಿರುವುದು ಈ ಒಂದು ಸ್ವರದ ಮೇಲೆ. ಅದನ್ನು ತೆಗೆದುಬಿಟ್ಟರೆ ದುಡಿಮೆಗೆ ಸಂದ ಹೊಗಳಿಕೆಯಷ್ಟೇ ಉಳಿಯುತ್ತದೆ, ಸತ್ತ ಮೇಲೆ ಸೇರುವ ಬೇರೊಂದು ಲೋಕದ ನಿರಾಕರಣೆ ಉಳಿಯುವುದಿಲ್ಲ.

ದೇವರ ಇರವು

ದೇವರು ಇದ್ದಾನೆಯೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಅಸ್ತಿತ್ವವನ್ನು ಮಾತ್ರ ಕೇಳುತ್ತದೆ. ಹನ್ನೊಂದನೆಯ ಶತಮಾನದ ಕ್ರೈಸ್ತ ಸಂತ ಆನ್ಸೆಲ್ಮ್ ಅವರು, ಯಾವುದಕ್ಕಿಂತ ದೊಡ್ಡದನ್ನು ಕಲ್ಪಿಸಲಾಗದೋ ಅದು ದೇವರು, ಮನಸ್ಸಿನಲ್ಲಿ ಮಾತ್ರ ಇರುವುದಕ್ಕಿಂತ ವಾಸ್ತವದಲ್ಲಿಯೂ ಇರುವುದು ದೊಡ್ಡದು, ಆದ್ದರಿಂದ ದೇವರು ವಾಸ್ತವದಲ್ಲಿ ಇರಲೇಬೇಕು ಎಂದು ವಾದಿಸಿದರು. 1781ರಲ್ಲಿ ಇಮಾನ್ಯುಯೆಲ್ ಕಾಂಟ್ ಅವರು ಈ ಬಗೆಯ ವಾದಕ್ಕೆ ಕೊಟ್ಟ ಉತ್ತರದ ತಿರುಳೆಂದರೆ, ಇರುವಿಕೆ ಬಿಳುಪು ಅಥವಾ ಬಲದಂತೆ ವಸ್ತುವಿನ ಗುಣವಲ್ಲ, ಕಲ್ಪನೆಯ ನೂರು ನಾಣ್ಯಗಳಲ್ಲಿ ಎಷ್ಟು ನಾಣ್ಯಗಳಿವೆಯೋ ನಿಜವಾದ ನೂರು ನಾಣ್ಯಗಳಲ್ಲಿಯೂ ಅಷ್ಟೇ ಇರುತ್ತವೆ ಎಂಬುದು. ಗುಣವನ್ನು ಹೇಳುವ ‘ಇಸ್’ ಮತ್ತು ಇರವನ್ನು ಹೇಳುವ ‘ಇಸ್’ ಒಂದೇ ರೂಪದಲ್ಲಿರುವ ಭಾಷೆಗಳಲ್ಲಿ ಆನ್ಸೆಲ್ಮರ ಹೆಜ್ಜೆ ಸಹಜವಾಗಿ ಕಾಣುತ್ತದೆ. ಕನ್ನಡದಲ್ಲಿ ದೇವರು ದಯಾಳು ಎಂಬ ವಾಕ್ಯದಿಂದ ದೇವರು ಇದ್ದಾನೆ ಎಂಬ ವಾಕ್ಯಕ್ಕೆ ಹೋಗಲು ವಾಕ್ಯದ ಬಗೆಯನ್ನೇ ಬದಲಿಸಬೇಕಾಗುತ್ತದೆ.

ಆದರೆ ಭಾರತೀಯ ಪರಂಪರೆಗಳಲ್ಲಿ ‘ಅಸ್ತಿ’, ಅಂದರೆ ಇದೆ ಎಂಬ ಪದ, ಕೇವಲ ತರ್ಕದ ತೀರ್ಮಾನವಾಗಿ ನಿಂತಿಲ್ಲ. ಆಸ್ತಿಕ ಮತ್ತು ನಾಸ್ತಿಕ ಎಂಬ ಪದಗಳು ಹುಟ್ಟಿದ್ದು ಈ ‘ಅಸ್ತಿ’ಯಿಂದ, ಪಾಣಿನಿಯ ಸೂತ್ರ ಅವುಗಳನ್ನು ಇದೆ ಎಂಬ ಮತಿ ಮತ್ತು ಇಲ್ಲ ಎಂಬ ಮತಿಗಳಿಂದಲೇ ಸಾಧಿಸುತ್ತದೆ. ಏನು ಇದೆ ಎಂಬುದನ್ನು ಆ ಪದಗಳು ತಮ್ಮೊಳಗೆ ಹೇಳುವುದಿಲ್ಲ. ವೈಯಾಕರಣರು ಅಲ್ಲಿ ಪರಲೋಕವನ್ನು ತುಂಬಿದರು. ಮನುಸ್ಮೃತಿ ವೇದನಿಂದಕನನ್ನು ನಾಸ್ತಿಕನೆಂದಿತು. ಇಂದಿನ ಬಳಕೆಯಲ್ಲಿ ಆ ಜಾಗಕ್ಕೆ ದೇವರು ಬಂದಿದ್ದಾನೆ. ಈಶ್ವರನನ್ನು ಒಪ್ಪದ ಪೂರ್ವಮೀಮಾಂಸಕರು ಆಸ್ತಿಕರೆನಿಸಿಕೊಂಡದ್ದೂ, ಆತ್ಮ ಮತ್ತು ಪರಲೋಕಗಳನ್ನು ಒಪ್ಪುವ ಜೈನರು ನಾಸ್ತಿಕರ ಸಾಲಿನಲ್ಲಿ ಎಣಿಕೆಯಾದದ್ದೂ ಈ ಖಾಲಿ ಜಾಗದಿಂದಾಗಿ. ಕಠೋಪನಿಷತ್ತು ಅದರ ಕೊನೆಯ ಭಾಗದಲ್ಲಿ ಪರಮತತ್ವವು ಮಾತಿಗೂ ಮನಸ್ಸಿಗೂ ಕಣ್ಣಿಗೂ ಸಿಗದು, ಇದೆ ಎನ್ನುವವನಿಗಲ್ಲದೆ ಬೇರೆಯವರಿಗೆ ಅದು ದೊರೆಯುವುದು ಹೇಗೆ ಎಂಬ ಆಶಯವನ್ನು ಮುಂದಿಡುತ್ತದೆ. ಇಲ್ಲಿ ‘ಇದೆ’ ಎಂಬುದು ಹುಡುಕಾಟ ಮುಗಿದ ಮೇಲಿನ ವರದಿಯಲ್ಲ, ಹುಡುಕಾಟಕ್ಕೆ ಹೊರಡಲು ಬೇಕಾದ ಶ್ರದ್ಧೆ. ಒಬ್ಬರು ಪುರಾವೆ ಕೇಳುವ ಅರ್ಥದಲ್ಲಿಯೂ ಇನ್ನೊಬ್ಬರು ಶ್ರದ್ಧೆಯ ಅರ್ಥದಲ್ಲಿಯೂ ‘ಇದೆ’ ಎಂಬುದನ್ನು ಬಳಸುತ್ತಿದ್ದರೆ ಅವರ ಚರ್ಚೆ ಎಂದಿಗೂ ಕೂಡುವುದಿಲ್ಲ. ಇಬ್ಬರೂ ತಪ್ಪು ಹೇಳುತ್ತಿಲ್ಲದಿರಲೂ ಸಾಧ್ಯ.

ಒಂದು ಮಹಾವಾಕ್ಯ, ಮೂರು ಓದು

ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ತನ್ನ ಮಗ ಶ್ವೇತಕೇತುವಿಗೆ ಒಂಬತ್ತು ಸಲ ಹೇಳುವ ತತ್ತ್ವಮಸಿ ಎಂಬ ಮಹಾವಾಕ್ಯದಲ್ಲಿ ‘ಅದು’, ‘ನೀನು’ ಎಂಬ ಎರಡು ಪದಗಳನ್ನು ಬಿಟ್ಟರೆ ಉಳಿಯುವುದು ‘ಅಸಿ’ ಎಂಬ ಕಿರುಕ್ರಿಯೆ. ಇಂಗ್ಲಿಷಿನ ‘ಇಸ್’ ಮತ್ತು ಸಂಸ್ಕೃತದ ‘ಅಸ್’ ಒಂದೇ ಮೂಲದಿಂದ ಬಂದ ಧಾತುಗಳು. ಕರ್ನಾಟಕದೊಂದಿಗೆ ಗಾಢ ಸಂಬಂಧವಿರುವ ಮೂವರು ಆಚಾರ್ಯರ ಸಿದ್ಧಾಂತಗಳು ಬೇರೆಯಾಗುವುದು ಈ ಸಂಬಂಧವನ್ನು ಅರ್ಥೈಸುವ ಬಗೆಯಲ್ಲಿ. ಶೃಂಗೇರಿ ಪೀಠವು ತನ್ನ ಮೂಲಪುರುಷರೆಂದು ಗೌರವಿಸುವ ಶಂಕರರ ಪರಂಪರೆ ಇದನ್ನು ತಾದಾತ್ಮ್ಯವೆಂದು ಓದುತ್ತದೆ. ಅಂದು ಅಲ್ಲಿ ಕಂಡ ದೇವದತ್ತನೇ ಇಂದು ಇಲ್ಲಿ ಕಾಣುವವನು ಎನ್ನುವಾಗ ಅಂದು, ಇಂದು, ಅಲ್ಲಿ, ಇಲ್ಲಿ ಎಂಬ ವಿರುದ್ಧಾಂಶಗಳನ್ನು ಬಿಟ್ಟು ವ್ಯಕ್ತಿಯೊಬ್ಬನನ್ನೇ ಹಿಡಿಯುವಂತೆ, ಜೀವನ ಅಲ್ಪತ್ವವನ್ನೂ ಈಶ್ವರನ ಸರ್ವಜ್ಞತ್ವವನ್ನೂ ಬಿಟ್ಟು ಶುದ್ಧ ಚೈತನ್ಯವೊಂದನ್ನೇ ಹಿಡಿಯಬೇಕೆಂದು ಅದು ವಿವರಿಸುತ್ತದೆ. ಮೇಲುಕೋಟೆಯಲ್ಲಿ ಹಲವು ವರ್ಷ ನೆಲೆಸಿದ್ದ ರಾಮಾನುಜರು ಇದನ್ನು ಸಾಮಾನಾಧಿಕರಣ್ಯವೆಂದು, ಅಂದರೆ ಬೇರೆ ಬೇರೆ ವಿಶೇಷಣಗಳುಳ್ಳ ಪದಗಳು ಒಂದೇ ವಸ್ತುವನ್ನು ಸೂಚಿಸುವ ರೀತಿಯೆಂದು ತಿಳಿಸಿದರು. ‘ನೀನು’ ಎಂಬ ಪದ ಜೀವನಲ್ಲಿ ನಿಲ್ಲದೆ, ಜೀವನನ್ನು ಶರೀರವಾಗಿ ಉಳ್ಳ ಅಂತರ್ಯಾಮಿಯವರೆಗೆ ಹೋಗುತ್ತದೆ. ಉಡುಪಿಯ ಮಧ್ವಾಚಾರ್ಯರು ಸಂಧಿಯನ್ನೇ ಬೇರೆಯಾಗಿ ಬಿಡಿಸಿ ‘ಅತತ್ ತ್ವಮ್ ಅಸಿ’, ನೀನು ಅದಲ್ಲ, ಎಂದು ಓದಿ, ಉದ್ದಾಲಕನು ಕೊಡುವ ಒಂಬತ್ತು ದೃಷ್ಟಾಂತಗಳೂ ಭೇದವನ್ನೇ ಸಾರುತ್ತವೆಂದು ಪ್ರತಿಪಾದಿಸಿದರು.

ಕನ್ನಡದಲ್ಲಿ ಈ ಮೂರು ನಿಲುವುಗಳನ್ನು ಹೇಳಲು ಮೂರು ಬೇರೆ ವಾಕ್ಯಗಳೇ ಬೇಕಾಗುತ್ತವೆ: ಅದೇ ನೀನು ಎಂಬುದು ಮೊದಲನೆಯದು, ನಿನ್ನನ್ನು ಶರೀರವಾಗಿ ಉಳ್ಳದ್ದು ಅದು ಎಂಬುದು ಎರಡನೆಯದು, ಅದು ನೀನಲ್ಲ, ನೀನು ಅದರ ಅಧೀನ ಎಂಬುದು ಮೂರನೆಯದು. ಗಮನಿಸಬೇಕಾದ ಸಂಗತಿಯೆಂದರೆ ಮಧ್ವರ ವಾಕ್ಯದಲ್ಲಿ ‘ಅಲ್ಲ’ ಇದೆಯೇ ಹೊರತು ‘ಇಲ್ಲ’ ಇಲ್ಲ. ಜೀವನೂ ಇದ್ದಾನೆ, ದೇವರೂ ಇದ್ದಾನೆ, ಜಗತ್ತೂ ಇದೆ, ಒಂದು ಇನ್ನೊಂದಲ್ಲ. ಜಗತ್ತಿನ ಬಗ್ಗೆ ಅದ್ವೈತಿ ಮಿಥ್ಯೆ ಎಂದಾಗಲೂ ಅದು ಮೊಲದ ಕೊಂಬಿನಂತೆ ಇಲ್ಲವೇ ಇಲ್ಲ ಎಂದು ಅವನ ಅಭಿಪ್ರಾಯವಲ್ಲ. ಬ್ರಹ್ಮವು ಇರುವ ಅರ್ಥದಲ್ಲಿ ಜಗತ್ತು ಇಲ್ಲ, ಆದರೆ ವ್ಯವಹಾರದಲ್ಲಿ ಇದೆ ಎಂದು ಇರವಿಗೇ ಮಟ್ಟಗಳನ್ನು ಕಲ್ಪಿಸಿದ ಮಾತು ಅದು. ಈ ಮಟ್ಟಗಳನ್ನು ಮರೆತು ವೇದಾಂತವು ಜಗತ್ತನ್ನು ಇಲ್ಲವೆನ್ನುತ್ತದೆ ಎಂದು ಆಕ್ಷೇಪಿಸುವುದು ಎಷ್ಟು ದುರ್ಬಲವೋ, ಜಗತ್ತು ಮಿಥ್ಯೆ ಎಂಬ ಮಾತನ್ನು ನೆಪಮಾಡಿಕೊಂಡು ಲೋಕದ ನೋವಿಗೆ ಬೆನ್ನು ತಿರುಗಿಸುವುದೂ ಅಷ್ಟೇ ದುರ್ಬಲ.

ವಿಜಯಪುರದ ಎರಡು ಪಾಠಗಳು

ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಬಸದಿ ಪ್ರತಿನಿಧಿಸುವ ಜೈನ ಪರಂಪರೆ ‘ಅಸ್ತಿ’ಯ ಅನೇಕಾರ್ಥತೆಯನ್ನೇ ಒಂದು ಸಿದ್ಧಾಂತವಾಗಿ ಬೆಳೆಸಿತು. ಸ್ಯಾದ್ವಾದ ಎಂಬ ಈ ಸಿದ್ಧಾಂತದ ಪ್ರಕಾರ ಯಾವುದೇ ವಸ್ತುವಿನ ಕುರಿತು ಒಂದು ಅಪೇಕ್ಷೆಯಿಂದ ಇದೆ, ಇನ್ನೊಂದು ಅಪೇಕ್ಷೆಯಿಂದ ಇಲ್ಲ, ಕ್ರಮವಾಗಿ ನೋಡಿದರೆ ಇದೆ ಮತ್ತು ಇಲ್ಲ, ಏಕಕಾಲಕ್ಕೆ ಹೇಳಹೋದರೆ ಅವಕ್ತವ್ಯ, ಅಂದರೆ ಹೇಳಲಾಗದ್ದು ಎಂದು ಆರಂಭಿಸಿ ಏಳು ಬಗೆಯ ಹೇಳಿಕೆಗಳು ಸಾಧ್ಯ; ಇವುಗಳಿಗೆ ಸಪ್ತಭಂಗಿ ಎಂದು ಹೆಸರು. ಒಂದೇ ವಸ್ತುವಿನಲ್ಲಿ ಇರವು ಮತ್ತು ಇಲ್ಲದಿರುವಿಕೆ ಒಟ್ಟಿಗೆ ನಿಲ್ಲಲಾರವೆಂದು ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರರು ಇದನ್ನು ಖಂಡಿಸಿದರು. ಸಮಂತಭದ್ರ, ಅಕಲಂಕ ಮುಂತಾದ ಜೈನಾಚಾರ್ಯರ ಪರಂಪರೆ ಕೊಡುವ ಸಮಾಧಾನವೆಂದರೆ, ಗಡಿಗೆಯು ತನ್ನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ದೃಷ್ಟಿಯಿಂದ ಇದೆ, ಬೇರೊಂದರ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ದೃಷ್ಟಿಯಿಂದ ಇಲ್ಲ ಎಂಬುದು. ಗಡಿಗೆ ಗಡಿಗೆಯಾಗಿ ಇದೆ, ಬಟ್ಟೆಯಾಗಿ ಇಲ್ಲ ಎಂದು ಕನ್ನಡದಲ್ಲಿ ಹೇಳಿದ ಕೂಡಲೇ ವಿರೋಧ ಬಹುಮಟ್ಟಿಗೆ ಕರಗುತ್ತದೆ, ಏಕೆಂದರೆ ‘ಆಗಿ’ ಎಂಬ ಪದ ಇರವಿಗೆ ಅದರ ಎಲ್ಲೆಯನ್ನು ಜೋಡಿಸುತ್ತದೆ. ಸ್ಯಾದ್ವಾದವನ್ನು ಎಲ್ಲವೂ ಸರಿ ಎನ್ನುವ ಸಡಿಲತನವೆಂದು ತಿಳಿಯುವುದು ತಪ್ಪು. ಯಾವ ಎಲ್ಲೆಯೊಳಗೆ ಹೇಳಲಾಗಿದೆಯೋ ಆ ಎಲ್ಲೆಯೊಳಗೆ ಹೇಳಿಕೆ ನಿಶ್ಚಿತವಾದುದು. ಸಾಧಕನಿಂದ ಅದು ನಿರೀಕ್ಷಿಸುವುದು ತನ್ನ ಮಾತಿನ ಎಲ್ಲೆಯನ್ನು ತಾನೇ ಹೇಳುವ ಪ್ರಾಮಾಣಿಕತೆಯನ್ನು.

ಎರಡನೆಯ ಪಾಠ ಸೂಫಿಗಳದು. ಅರಬ್ಬಿಯಲ್ಲಿಯೂ ಕನ್ನಡದಂತೆ ವರ್ತಮಾನಕಾಲದ ನಾಮವಾಕ್ಯಗಳಿಗೆ ಕ್ರಿಯಾಪದ ಬೇಕಾಗುವುದಿಲ್ಲ. ಗ್ರೀಕ್ ತತ್ವಗ್ರಂಥಗಳನ್ನು ಅರಬ್ಬಿಗೆ ತಂದವರಿಗೆ ಇದರಿಂದ ಉಂಟಾದ ತೊಡಕನ್ನು ಸುಮಾರು 950ರಲ್ಲಿ ತೀರಿಕೊಂಡ ತತ್ವಜ್ಞ ಅಲ್ ಫಾರಾಬಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ‘ಅವನು’ ಎಂಬ ಅರ್ಥದ ‘ಹುವ’ ಮತ್ತು ‘ದೊರೆತದ್ದು’ ಎಂಬ ಮೂಲಾರ್ಥದ ‘ಮೌಜೂದ್’ ಎಂಬ ಪದಗಳನ್ನು ಅನುವಾದಕರು ಆ ಕೆಲಸಕ್ಕೆ ಬಳಸಿಕೊಂಡರು. ಅದೇ ಧಾತುವಿನ ‘ವುಜೂದ್’, ಅಂದರೆ ಇರವು, ಇಬ್ನ್ ಸೀನಾ ಅವರ ದರ್ಶನದಲ್ಲಿ ದೇವರನ್ನು ವಾಜಿಬುಲ್ ವುಜೂದ್, ಇರಲೇಬೇಕಾದ ಇರವು, ಎಂದು ಕರೆಯಲು ಆಧಾರವಾಯಿತು. 1240ರಲ್ಲಿ ತೀರಿಕೊಂಡ ಇಬ್ನ್ ಅರಬಿ ಅವರ ಪರಂಪರೆಯಲ್ಲಿ ಅದು ವಹ್ದತುಲ್ ವುಜೂದ್, ಇರವಿನ ಏಕತೆ, ಎಂಬ ಸಿದ್ಧಾಂತವಾಗಿ ಬೆಳೆಯಿತು. ಕಲಬುರಗಿಯಲ್ಲಿ ನೆಲೆಸಿ 1422ರಲ್ಲಿ ತೀರಿಕೊಂಡ ಖಾಜಾ ಬಂದೇನವಾಜ್ ಗೇಸುದರಾಜ್ ಅವರು ಇಬ್ನ್ ಅರಬಿಯವರ ಈ ವಿಚಾರಗಳನ್ನು ವಿಮರ್ಶಿಸಿದರೆ, ವಿಜಯಪುರದ ಚಿಶ್ತಿ ಸೂಫಿಗಳಾದ ಶಾಹ ಮೀರಾಂಜಿ ಶಮ್ಸುಲ್ ಉಶ್ಶಾಕ್, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ ಅವರು ಇರವಿನ ವಿಚಾರವನ್ನು ಜನಸಾಮಾನ್ಯರ ದಖನಿ ಭಾಷೆಗೆ ತಂದರು. 1675ರಲ್ಲಿ ತೀರಿಕೊಂಡ ಅಮೀನುದ್ದೀನ್ ಅವರ ಪಂಥದಲ್ಲಿ ಇರಲೇಬೇಕಾದ ಇರವು, ಇರಬಹುದಾದ ಇರವು ಮುಂತಾದ ಶಾಸ್ತ್ರೀಯ ವಿಭಾಗಗಳು ಸಾಧಕನು ದೇಹದ ಅರಿವಿನಿಂದ ಮೇಲಕ್ಕೆ ಏರುವ ಒಳಗಿನ ಹಂತಗಳ ಹೆಸರುಗಳಾದವು. ಅವು ಪಂಚಭೂತಗಳ ಕಲ್ಪನೆಯೊಂದಿಗೂ ಬೆಸೆದುಕೊಂಡವು.

ಇಸ್ಲಾಮಿನ ಮೂಲಘೋಷಣೆಯನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಒಂದು ನಿರಾಕರಣೆಯ ವ್ಯಾಪ್ತಿ ಎಷ್ಟು ಮುಖ್ಯವೆಂಬುದು ತಿಳಿಯುತ್ತದೆ. ಅಲ್ಲಾಹನ ಹೊರತು ಆರಾಧ್ಯನು ಇಲ್ಲ ಎಂಬುದು ಎಲ್ಲ ಮುಸ್ಲಿಮರೂ ಒಪ್ಪುವ ಅರ್ಥ. ಅಲ್ಲಿ ‘ಇಲ್ಲ’ ಎಂಬುದು ಆರಾಧನೆಗೆ ಅರ್ಹರಾದ ಬೇರೆಯವರಿಗೆ ಮಾತ್ರ ಅನ್ವಯಿಸುತ್ತದೆ. ಇರವಿನ ಏಕತೆಯನ್ನು ಹೇಳುವ ಸೂಫಿಗಳು ಅದನ್ನೇ ವಿಸ್ತರಿಸಿ ಅಲ್ಲಾಹನ ಹೊರತು ಇರುವುದೇ ಬೇರಾವುದೂ ಇಲ್ಲ ಎಂದರು. ಹೀಗೆಂದ ಮೇಲೆ ಸೃಷ್ಟಿಯ ಪ್ರತಿಯೊಂದು ವಸ್ತುವೂ ದೇವರೇ ಎಂದಾಗುವುದಿಲ್ಲವೇ ಎಂಬುದು ಉಲೇಮಾಗಳ, ಅಂದರೆ ಧರ್ಮಶಾಸ್ತ್ರಜ್ಞರ ಆತಂಕವಾಗಿತ್ತು. ವಸ್ತುವಿನ ಇರವು ದೇವರಿಂದ ಬಂದದ್ದು ಎನ್ನುವುದಕ್ಕೂ ವಸ್ತುವೇ ದೇವರು ಎನ್ನುವುದಕ್ಕೂ ನಡುವಿನ ಅಂತರ ಇರವಿಗೂ ತಾದಾತ್ಮ್ಯಕ್ಕೂ ಇರುವ ಅಂತರವೇ ಆದ್ದರಿಂದ, ಅದನ್ನು ಕಾಪಾಡಿಕೊಂಡ ಸೂಫಿಗೆ ಈ ಆಕ್ಷೇಪ ತಗಲುವುದಿಲ್ಲ, ಕಾಪಾಡಿಕೊಳ್ಳದವನಿಗೆ ತಗಲುತ್ತದೆ.

ಇಲ್ಲವನ್ನೂ ದಾಟಿದ ಬಯಲು

ಬೃಹದಾರಣ್ಯಕೋಪನಿಷತ್ತಿನ ನೇತಿ ನೇತಿ ಎಂಬ ಪ್ರಸಿದ್ಧ ನಿರೂಪಣೆಯನ್ನು ಕನ್ನಡಕ್ಕೆ ತರುವಾಗ ಹೀಗಲ್ಲ, ಹೀಗಲ್ಲ ಎನ್ನುತ್ತಾರೆಯೇ ಹೊರತು ಇಲ್ಲ, ಇಲ್ಲ ಎನ್ನುವುದಿಲ್ಲ. ಆ ಆಯ್ಕೆಯಲ್ಲಿ ಒಂದು ಇಡೀ ಸಿದ್ಧಾಂತವೇ ಅಡಗಿದೆ. ‘ಅಲ್ಲ’ ಎನ್ನುವವನು ಪರಮತತ್ವಕ್ಕೆ ಅಂಟಿಸಲಾದ ಹೆಸರು ಮತ್ತು ರೂಪಗಳನ್ನು ಕಳಚುತ್ತಾನೆ, ತತ್ವವನ್ನು ಅಳಿಸುವುದಿಲ್ಲ. ಶರಣರು ಸ್ಥಾವರವನ್ನು ಬಿಟ್ಟು ಜಂಗಮವನ್ನು ಎತ್ತಿಹಿಡಿದಾಗಲೂ, ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳನ್ನು ಸಾಧಕನ ಆಗುವಿಕೆಯ ಮೆಟ್ಟಿಲುಗಳಾಗಿ ಕಂಡಾಗಲೂ ನಡೆದದ್ದು ಇಂಥ ಕಳಚುವಿಕೆ. ಬಸವಣ್ಣನವರ ಜನ್ಮಸ್ಥಳವಾದ ಬಸವನ ಬಾಗೇವಾಡಿ ಇರುವ ವಿಜಯಪುರ ಜಿಲ್ಲೆಯಲ್ಲಿಯೇ ನೆಲೆಸಿ ದುಡಿದ ಫ.ಗು. ಹಳಕಟ್ಟಿಯವರು (1880–1964) ಹಸ್ತಪ್ರತಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿರದಿದ್ದರೆ ಈ ಚಿಂತನೆ ಇಷ್ಟು ವ್ಯಾಪಕವಾಗಿ ಓದುಗರ ಕೈಗೆ ಬರುತ್ತಿರಲಿಲ್ಲ.

ಆದರೆ ಅಲ್ಲಮಪ್ರಭು ‘ಅಲ್ಲ’ದಲ್ಲಿ ನಿಲ್ಲದೆ ‘ಇಲ್ಲ’ದೊಳಕ್ಕೂ ಹೋಗುತ್ತಾರೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ಉಪನಿಷತ್ತು, ಗೀತೆ ಮತ್ತು ವಚನಗಳನ್ನು ತಿಳಿಗನ್ನಡದಲ್ಲಿ ಲಕ್ಷಾಂತರ ಜನರಿಗೆ ಬೋಧಿಸಿ, 2023ರ ಜನವರಿ 2ರಂದು ದೇಹ ಬಿಟ್ಟರು. ತಮ್ಮ ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು ಅವರು ಮೊದಲೇ ಬರೆದಿಟ್ಟ ಅಂತಿಮ ಪತ್ರ ಮುಗಿಯುವುದು ಅಲ್ಲಮರ ವಚನವೊಂದರಿಂದ. ಸತ್ಯ ಮತ್ತು ಅಸತ್ಯ, ನಾನು ಮತ್ತು ನೀನು ಎಂಬ ಜೋಡಿಗಳನ್ನು ಒಂದೊಂದಾಗಿ ಇಲ್ಲವೆನ್ನುತ್ತ ಹೋಗುವ ಆ ವಚನ, ಕಡೆಗೆ ಆ ‘ಇಲ್ಲ’ ಎಂಬುದಕ್ಕೂ ಎಡೆಯಿಲ್ಲದಂತೆ ಮಾಡಿ ಬಯಲಿನಲ್ಲಿ ನಿಲ್ಲುತ್ತದೆ. ತಾರ್ಕಿಕರ ಲೆಕ್ಕದಲ್ಲಿ ಅಭಾವದ ಅಭಾವವೆಂದರೆ ಭಾವವೇ. ಗಡಿಗೆ ಇಲ್ಲದಿರುವುದು ಇಲ್ಲವೆಂದರೆ ಗಡಿಗೆ ಇದೆ ಎಂದೇ ಅರ್ಥ. ಅಲ್ಲಮರ ಎರಡನೆಯ ‘ಇಲ್ಲ’ ಹಾಗೆ ‘ಇದೆ’ಗೆ ಹಿಂದಿರುಗುವುದಿಲ್ಲ. ಇದೆ ಮತ್ತು ಇಲ್ಲಗಳ ಜೋಡಿ ಅನ್ವಯಿಸುವುದು ಎಲ್ಲೆಯುಳ್ಳ ವಸ್ತುಗಳಿಗೆ. ಎಲ್ಲೆಯೇ ಇಲ್ಲದ್ದರ ಮುಂದೆ ಆ ಜೋಡಿ ಒಟ್ಟಿಗೇ ಹಿಂದೆಗೆಯಬೇಕಾಗುತ್ತದೆ. ಬಯಲು ಎಂಬುದು ಆ ಹಿಂದೆಗೆತದ ಹೆಸರು. ಶೂನ್ಯ ಮತ್ತು ಬಯಲುಗಳನ್ನು ಏನೂ ಇಲ್ಲದಿರುವಿಕೆ ಎಂಬ ಅರ್ಥದಲ್ಲಿ ಗ್ರಹಿಸಿದರೆ, ಆ ವಚನವೇ ಕಡೆಗೆ ಕೈಬಿಟ್ಟ ‘ಇಲ್ಲ’ವನ್ನು ಮತ್ತೆ ಅದರ ಮೇಲೆ ಹೇರಿದಂತಾಗುತ್ತದೆ. ಸ್ಮಾರಕ ಬೇಡವೆಂಬ ಕೋರಿಕೆಯೂ ಈ ವಚನವೂ ಒಂದೇ ಪತ್ರದಲ್ಲಿ ಇರುವುದು ಅರ್ಥಪೂರ್ಣ: ಎಲ್ಲೆಯಿಲ್ಲದ್ದನ್ನು ಮಾತಿನಲ್ಲಿ ಒಪ್ಪಿ ದೇಹಕ್ಕೆ ಮಾತ್ರ ಕಲ್ಲಿನ ಎಲ್ಲೆ ಕಟ್ಟಿಸಿಕೊಳ್ಳದ ಸುಸಂಗತಿ ಅಲ್ಲಿದೆ.

ವ್ಯಾಕರಣದ ಮಿತಿ, ವಿವೇಕದ ಹೊಣೆ

ಇಷ್ಟರಿಂದ ಕನ್ನಡವು ತತ್ವಚಿಂತನೆಗೆ ಇಂಗ್ಲಿಷಿಗಿಂತ ಹೆಚ್ಚು ಯೋಗ್ಯವಾದ ಭಾಷೆ ಎಂಬ ತೀರ್ಮಾನಕ್ಕೆ ಬರುವುದು ಅವಸರವಾಗುತ್ತದೆ. 1958ರಲ್ಲಿ ಫ್ರಾನ್ಸಿನ ಭಾಷಾವಿಜ್ಞಾನಿ ಎಮಿಲ್ ಬೆನ್ವೆನಿಸ್ತ್ ಅವರು, ಅರಿಸ್ಟಾಟಲ್ ವಿವರಿಸಿದ ಪದಾರ್ಥಗಳು ಗ್ರೀಕ್ ಭಾಷೆಯ ವ್ಯಾಕರಣವರ್ಗಗಳೇ ಎಂದು ವಾದಿಸಿ, ‘ಇಸ್’ ಮಾಡುವ ಕೆಲಸಗಳನ್ನು ಐದು ಬೇರೆ ಕ್ರಿಯಾಪದಗಳಿಗೆ ಹಂಚಿರುವ ಆಫ್ರಿಕಾದ ಎವೆ ಭಾಷೆಯನ್ನು ಹೋಲಿಕೆಗೆ ತಂದರು. ಆ ವಾದದಲ್ಲಿ ಸತ್ಯಾಂಶವಿದೆ, ಆದರೆ ಪೂರ್ಣಸತ್ಯವಿಲ್ಲ. ಒಂದೇ ಪದವುಳ್ಳ ಇಂಗ್ಲಿಷಿನಲ್ಲಿಯೇ ಮಿಲ್ ಮತ್ತು ರಸಲ್ ಅದರ ಅರ್ಥಗಳನ್ನು ಬೇರ್ಪಡಿಸಿದರು. ‘ಅಲ್ಲ’ ಮತ್ತು ‘ಇಲ್ಲ’ಗಳೆರಡನ್ನೂ ಉಳ್ಳ ಕನ್ನಡದಲ್ಲಿಯೇ ಬೇರೆ ಮತದ ದೇವರನ್ನು ತನ್ನ ದೇವರಲ್ಲ ಎನ್ನಬೇಕಾದಲ್ಲಿ ಅಂಥ ದೇವರೇ ಇಲ್ಲವೆಂದು ಹೇಳುವ ಅಸಹನೆಯೂ ಬೆಳೆದಿದೆ. ಭಾಷೆ ಪ್ರಶ್ನೆಯನ್ನು ಸ್ಪಷ್ಟಗೊಳಿಸುವ ಸಲಕರಣೆಯನ್ನು ಕೊಡಬಲ್ಲದು. ಅದನ್ನು ಬಳಸುವ ಸಂಯಮವನ್ನು ಮನುಷ್ಯನೇ ಬೆಳೆಸಿಕೊಳ್ಳಬೇಕು.

ಹಾಗೆ ಬೆಳೆಸಿಕೊಂಡ ಸಂಯಮದಿಂದ ಭಿನ್ನಾಭಿಪ್ರಾಯಗಳೆಲ್ಲ ಮಾಯವಾಗುವುದಿಲ್ಲ, ಮಾಯವಾಗಬೇಕಾಗಿಯೂ ಇಲ್ಲ. ಶಂಕರರಿಗೂ ಮಧ್ವರಿಗೂ ಇರುವ ಭೇದ ಪದದ ಗೊಂದಲದಿಂದ ಹುಟ್ಟಿದ್ದಲ್ಲ. ಅವರಿಬ್ಬರಿಗೂ ತಾವು ಯಾವ ಅರ್ಥವನ್ನು ಹೇಳುತ್ತಿದ್ದೇವೆಂಬುದು ಸ್ಪಷ್ಟವಾಗಿ ತಿಳಿದಿತ್ತು, ಆದ್ದರಿಂದಲೇ ಅವರ ಪರಂಪರೆಗಳ ವಾದ ಶತಮಾನಗಳ ನಂತರವೂ ಅಧ್ಯಯನಕ್ಕೆ ಯೋಗ್ಯವಾಗಿ ಉಳಿದಿದೆ. ಸ್ಪಷ್ಟತೆ ಕೃತಕವಾದ ಜಗಳಗಳನ್ನು ಕಳೆದು ನಿಜವಾದ ಭೇದಗಳನ್ನು ಉಳಿಸುತ್ತದೆ, ಮತ್ತು ನಿಜವಾದ ಭೇದಗಳ ಜೊತೆಗೆ ಮಾತ್ರ ಗೌರವದಿಂದ ಬಾಳುವುದು ಸಾಧ್ಯ; ಪಕ್ಕದವನ ಮಾತು ಯಾವ ಅರ್ಥದ್ದೆಂದು ಕೇಳದೆ ಅದನ್ನು ಒಪ್ಪುವುದೂ ತಿರಸ್ಕರಿಸುವುದೂ ಸಮಾನವಾಗಿ ಅವನನ್ನು ಕಡೆಗಣಿಸಿದಂತೆ. ಬಸದಿ, ದರ್ಗಾ, ಮಠ ಮತ್ತು ಗುಡಿಗಳನ್ನು ಒಂದೇ ಊರಿನ ಎಲ್ಲೆಯೊಳಗೆ ಉಳಿಸಿಕೊಂಡು ಬಂದ ವಿಜಯಪುರದಂಥ ನಗರದ ಜನಕ್ಕೆ ಹೀಗೆ ಕೇಳುವುದು ಪಂಡಿತರಿಗೆ ಮಾತ್ರ ಬಿಟ್ಟ ವಿಷಯವಾಗಬಾರದು. ದೇವರು ಇದ್ದಾನೆ ಎಂದವನನ್ನು ಹೇಗೆ ಎಂದೂ, ಇಲ್ಲ ಎಂದವನನ್ನು ಯಾವುದು ಎಂದೂ, ಅದು ನನ್ನ ದಾರಿ ಅಲ್ಲ ಎಂದವನನ್ನು ಹಾಗಾದರೆ ಯಾವ ದಾರಿ ಎಂದೂ ಕೇಳಿ, ಉತ್ತರಕ್ಕೆ ಕಿವಿಗೊಡುವ ಸಮಾಜದಲ್ಲಿ ತರ್ಕವೂ ಭಕ್ತಿಯೂ ಒಂದನ್ನೊಂದು ಬೆಳೆಸುತ್ತವೆ.